ಉಪಗ್ರಹ ಚಿತ್ರ ನೋಡಿ ಜಮೀನಿನ ಮರ ಎಣಿಸುವುದು ಹೇಗೆ

ಅರಸೀಕೆರೆ ಹತ್ತಿರ ನಮ್ಮ ಮಾವನ ಮೂರೂವರೆ ಎಕರೆ ತೆಂಗಿನ ತೋಟ ಇದೆ. ಪಕ್ಕದಲ್ಲೇ ಎರಡು ಎಕರೆ ರಾಗಿ ಹೊಲ. ಎಷ್ಟು ಮರ ಇದೆ ಮಾವ ಅಂತ ಕೇಳಿದರೆ "ಇನ್ನೂರೈವತ್ತಕ್ಕೆ ಕಮ್ಮಿ ಇಲ್ಲಪ್ಪ" ಅನ್ನುತ್ತಿದ್ದರು. ಒಂದು ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತು, ಉಪಗ್ರಹ ಚಿತ್ರದ ಮೇಲೆ ಮರಕ್ಕೊಂದು ಚುಕ್ಕಿ ಇಡುತ್ತಾ ಎಣಿಸಿದೆ. 198 ಬಂತು. ಮಾವ ನಂಬಲಿಲ್ಲ. ಸಂಜೆ ಇಬ್ಬರೂ ಸುಣ್ಣದ ಡಬ್ಬ ಹಿಡಿದು ಸಾಲು ಸಾಲಾಗಿ ನಡೆದು, ಎಣಿಸಿದ ಮರಕ್ಕೆಲ್ಲ ಗುರುತು ಹಾಕಿದೆವು. 204. ಸ್ಕ್ರೀನಿನಲ್ಲಿ ನನ್ನ ಕಣ್ಣಿಗೆ ತಪ್ಪಿದ್ದು ಆರೇ ಆರು. ನಾಲ್ಕು ಎಳೆ ಸಸಿ, ಎರಡು ಸುಳಿ ಒಣಗಿ ಬೋಳಾಗಿ ನಿಂತ ಕಾಂಡ.

ಮಾವನ ಲೆಕ್ಕವೂ ಸುಳ್ಳಲ್ಲ. 25 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 70 ಸಸಿ ಹಿಡಿಯುತ್ತದೆ. ಮೂರೂವರೆ ಎಕರೆಗೆ 245. ಅವರು ಹೇಳುತ್ತಿದ್ದುದು ನೆಟ್ಟ ಲೆಕ್ಕ, ಉಳಿದ ಲೆಕ್ಕ ಅಲ್ಲ.

ಅದೇ ಹುರುಪಿನಲ್ಲಿ ಸಕಲೇಶಪುರದ ಕಡೆಯ ನಮ್ಮ ನಾಲ್ಕು ಎಕರೆ ಕಾಫಿ ತೋಟವನ್ನೂ ಎಣಿಸಲು ಹೋಗಿ ಮುಗ್ಗರಿಸಿದೆ. ಅಲ್ಲಿ ಮೇಲಿನಿಂದ ಕಾಣುವುದು ಮರ ಅಲ್ಲ, ಮರದ ನೆತ್ತಿ. ಒಂದು ಹಲಸಿನ ನೆತ್ತಿಯ ಕೆಳಗೆ ಮೂರು ಮರ ಅಡಗಿರಬಹುದು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬಯಲು ಜಮೀನಿಗೆ ಒಂದು ದಾರಿ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆಯ ತೋಟಕ್ಕೆ ಬೇರೆಯದೇ ದಾರಿ. ಬಯಲಿನ ದಾರಿಯನ್ನು ಮಲೆನಾಡಿಗೆ ಹಾಕಿದರೆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ.

ಯಾವ ಚಿತ್ರ ಬೇಕು

ಹಾಸನದವರಿಗೆ ಉಪಗ್ರಹ ಅಂದರೆ ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ನೆನಪಾಗುತ್ತದೆ. 1982ರಿಂದ ಇಲ್ಲೇ ಇದೆ. ಆದರೆ ಅಲ್ಲಿಂದ ನಡೆಸುವುದು ಟಿವಿ, ದೂರಸಂಪರ್ಕ, ಹವಾಮಾನದ ಉಪಗ್ರಹಗಳನ್ನು. ಅವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುತ್ತವೆ. ಅಲ್ಲಿಂದ ನಮ್ಮ ಹಲಸಿನ ಮರ ಕಾಣುವ ಮಾತೇ ಇಲ್ಲ. ಜಮೀನಿನ ಚಿತ್ರ ತೆಗೆಯುವ ಉಪಗ್ರಹಗಳು ತುಂಬಾ ಕೆಳಗೆ, ಐನೂರರಿಂದ ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ.

ಪುಕ್ಕಟೆ ಸಿಗುವ ಚಿತ್ರಗಳಲ್ಲಿ ಯುರೋಪಿನ ಸೆಂಟಿನೆಲ್-2 ತುಂಬಾ ಹೆಸರುವಾಸಿ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ನಮ್ಮ ಜಮೀನಿನ ಮೇಲೆ ಹಾಯುತ್ತವೆ. ಅದರ ಚಿತ್ರದಲ್ಲಿ ಒಂದು ಚೌಕ ಅಂದರೆ ನೆಲದಲ್ಲಿ 10 ಮೀಟರ್‌ಗೆ 10 ಮೀಟರ್, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ ಎಷ್ಟು? 33 ಅಡಿಗೆ 33 ಅಡಿ, 101 ಚದರ ಮೀಟರ್. ನೋಡಿ, ಯುರೋಪಿನವರು ನಮ್ಮ ಶಾನುಭೋಗರನ್ನು ಕೇಳಿ ಮಾಡಿದಂತಿದೆ. ಒಂದು ಚೌಕಕ್ಕೆ ಒಂದು ಗುಂಟೆ ಅಂತ ಇಟ್ಟುಕೊಂಡರೆ ಎಲ್ಲಾ ಸಲೀಸು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಸುಮಾರು ಒಂಬತ್ತು ಗುಂಟೆ.

ಬೆಳೆದ ತೆಂಗಿನ ನೆತ್ತಿಯ ಅಗಲ ಸುಮಾರು ಎಂಟು ಮೀಟರ್, ಅಂದರೆ ಅರ್ಧ ಗುಂಟೆ. ಆದ್ದರಿಂದ ಸೆಂಟಿನೆಲ್ ಚಿತ್ರದಲ್ಲಿ ಮರ ಎಣಿಸಲು ಆಗುವುದಿಲ್ಲ. ತೋಟದ ಯಾವ ಮೂಲೆಯ ಹಸಿರು ಕಮ್ಮಿಯಾಗುತ್ತಿದೆ ಅಂತ ನೋಡಲು ಅದು ಒಳ್ಳೆಯದು, ಅಷ್ಟೇ. ಎಣಿಸಲು ಬೇಕಾದ ಅರ್ಧ ಮೀಟರ್ ಆಸುಪಾಸಿನ ಸ್ಪಷ್ಟತೆಯ ಚಿತ್ರ ಗೂಗಲ್ ಅರ್ಥ್‌ನಲ್ಲಿ ಸಿಗುತ್ತದೆ. ಇಸ್ರೋದ ಭುವನ್ ಕೂಡ ಇದೆ, ಅದನ್ನೂ ಒಮ್ಮೆ ತೆರೆದು ನೋಡಿ. ಆದರೆ ಒಂಟಿ ಮರ ಎಣಿಸುವ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಗೂಗಲ್ ಅರ್ಥ್ ಪ್ರೊ. ಕಂಪ್ಯೂಟರಿಗೆ ಹಾಕಿಕೊಳ್ಳುವ ಆವೃತ್ತಿಯನ್ನೇ ತೆಗೆದುಕೊಳ್ಳಿ. 2015ರಿಂದ ಅದಕ್ಕೆ ದುಡ್ಡಿಲ್ಲ. ಮೊಬೈಲಿನಲ್ಲಿ ಈ ಕೆಲಸ ಮಾಡಲು ಹೋಗಬೇಡಿ, ಬೆರಳು ದಪ್ಪ, ಮರ ಸಣ್ಣ.

ಗಡಿ ಹಾಕುವುದು

ಎಣಿಸುವ ಮೊದಲು ಎಲ್ಲಿಂದ ಎಲ್ಲಿವರೆಗೆ ಅಂತ ಖಾತ್ರಿ ಇರಬೇಕು. ಜಮೀನಿಗೆ ಹೋಗಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕ್ಷೆಯನ್ನು ಭೂಮಾಪನ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಇವೆರಡನ್ನೂ ದಾರಿ ತೋರಿಸಲು ಮಾತ್ರ ಇಟ್ಟುಕೊಳ್ಳಿ. ಹಳೆಯ ನಕ್ಷೆಯ ಗೆರೆಗೂ ಚಿತ್ರದಲ್ಲಿ ಕಾಣುವ ಬೇಲಿಗೂ ಹತ್ತಿಪ್ಪತ್ತು ಅಡಿ ವ್ಯತ್ಯಾಸ ಬರುವುದು ಮಾಮೂಲು. ಇದನ್ನು ಹಿಡಿದುಕೊಂಡು ಪಕ್ಕದ ಜಮೀನಿನವರ ಹತ್ತಿರ ಜಗಳಕ್ಕೆ ಹೋಗಬೇಡಿ. ಗಡಿ ತಕರಾರಿಗೆ ಸರ್ವೆಯವರೇ ಬಂದು ಅಳೆಯಬೇಕು.

ಮೂಲೆಗಳಿಗೆ ನಡೆದು ಹೋಗಿ. ಬಾಂದು ಕಲ್ಲು ಇದ್ದರೆ ಅದರ ಪಕ್ಕ ನಿಂತು ಮೊಬೈಲಿನಲ್ಲಿ ಜಾಗ ಗುರುತು ಮಾಡಿ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಹೇಳುತ್ತದೆ. ಮರದ ಕೆಳಗೆ ಹತ್ತು ಮೀಟರ್ ದಾಟಿದರೂ ಆಶ್ಚರ್ಯ ಇಲ್ಲ. ನಿಂತ ಕೂಡಲೇ ಒತ್ತಬೇಡಿ. ಒಂದೆರಡು ನಿಮಿಷ ಕಾಯಿರಿ, ಅಂಕಿ ನೆಲೆಗೊಳ್ಳುತ್ತದೆ.

ಮನೆಗೆ ಬಂದು ಗೂಗಲ್ ಅರ್ಥ್ ಪ್ರೊದಲ್ಲಿ ಆ ಗುರುತುಗಳನ್ನು ಹಾಕಿ, ಪಾಲಿಗಾನ್ ಉಪಕರಣದಿಂದ ಗಡಿ ಎಳೆಯಿರಿ. ಎಳೆಯುವ ಮೊದಲು ಕೀಬೋರ್ಡಿನಲ್ಲಿ 'ಯು' ಅಕ್ಷರ ಒತ್ತಿ. ಚಿತ್ರ ಓರೆಯಾಗಿದ್ದರೆ ನೆಟ್ಟಗಾಗುತ್ತದೆ. ಇದನ್ನು ಮರೆತರೆ ಗುಡ್ಡದ ಜಮೀನಿನಲ್ಲಿ ಗಡಿಯೇ ಜಾರಿಬಿಡುತ್ತದೆ. ಪಾಲಿಗಾನ್‌ನ ವಿಸ್ತೀರ್ಣವನ್ನು ಎಕರೆಯಲ್ಲೇ ತೋರಿಸುವಂತೆ ಆರಿಸಿಕೊಳ್ಳಬಹುದು. ಅದನ್ನು ಪಹಣಿಯ ಜೊತೆ ಹೋಲಿಸಿ. ಎರಡು ಎಕರೆ ಇರಬೇಕಾದಲ್ಲಿ ಎರಡೂವರೆ ತೋರಿಸುತ್ತಿದ್ದರೆ ಎಲ್ಲೋ ಪಕ್ಕದವರ ಬದು ನಿಮ್ಮ ಒಳಗೆ ಬಂದಿದೆ. ಒಂದು ಮಾತು ನೆನಪಿರಲಿ. ಸ್ಕ್ರೀನಿನಲ್ಲಿ 2.5 ಎಕರೆ ಅಂದರೆ ಎರಡು ಎಕರೆ 20 ಗುಂಟೆ. ಪಹಣಿಯಲ್ಲಿ ಬರೆಯುವ 2-5 ಅಂದರೆ ಎರಡು ಎಕರೆ ಐದು ಗುಂಟೆ. ಈ ಚುಕ್ಕಿ ಮತ್ತು ಅಡ್ಡಗೆರೆಯ ಗೊಂದಲದಲ್ಲಿ ನಾನೇ ಒಂದು ಸಂಜೆ ಕಳೆದಿದ್ದೇನೆ.

ಯಾವ ತಿಂಗಳ ಚಿತ್ರ

ಗೂಗಲ್ ಅರ್ಥ್ ಪ್ರೊದ ಮೇಲ್ಗಡೆ ಗಡಿಯಾರದ ಗುರುತು ಇದೆ. ಅದನ್ನು ಒತ್ತಿದರೆ ಹಳೆಯ ಚಿತ್ರಗಳ ಪಟ್ಟಿ ತೆರೆಯುತ್ತದೆ. ತೆರೆದ ಕೂಡಲೇ ಕಾಣುವ ಚಿತ್ರವೇ ಒಳ್ಳೆಯದು ಅಂತ ತಿಳಿಯಬೇಡಿ. ನಿಮ್ಮ ಬೆಳೆಯನ್ನು ನೋಡಿ ತಿಂಗಳು ಆರಿಸಿ.

ಬಯಲು ಜಮೀನಿಗೆ ರಾಗಿ ಕೊಯ್ದ ಮೇಲಿನ ಚಿತ್ರ, ಅಂದರೆ ಜನವರಿ, ಫೆಬ್ರವರಿ. ಹೊಲ ಬೋಳಾಗಿರುತ್ತದೆ. ಕೆಂಪು ಮಣ್ಣಿನ ಮೇಲೆ ಮಾವು, ಹುಣಸೆ, ಹೊಂಗೆಯ ನೆತ್ತಿ ಕುಂಕುಮದ ತಟ್ಟೆಯಲ್ಲಿ ಎಲೆ ಇಟ್ಟಂತೆ ಎದ್ದು ಕಾಣುತ್ತದೆ. ಸೆಪ್ಟೆಂಬರಿನ ಚಿತ್ರ ತೆಗೆದುಕೊಂಡರೆ ಬೆಳೆ, ಕಳೆ, ಬೇಲಿ, ಮರ ಎಲ್ಲಾ ಒಂದೇ ಹಸಿರು. ಫೆಬ್ರವರಿ ಕೊನೆಯಿಂದ ಬೇವು, ಹೊಂಗೆ ಎಲೆ ಉದುರಿಸಲು ಶುರು ಮಾಡುತ್ತವೆ. ಹಾಗಾಗಿ ತೀರಾ ತಡವೂ ಬೇಡ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಿತ್ರದಲ್ಲಿ ಮೋಡ ಬಿಟ್ಟರೆ ಇನ್ನೇನೂ ಸಿಗುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯದು. ಆದರೆ ಹಾಲವಾಣ ಇರುವ ತೋಟದಲ್ಲಿ ಇನ್ನೊಂದು ತೊಡಕಿದೆ. ಬೇಸಗೆ ಶುರುವಾಗುವ ಹೊತ್ತಿಗೆ ಅದು ಎಲೆ ಉದುರಿಸಿ ಕೆಂಪು ಹೂ ಬಿಟ್ಟು ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಮರವೇ ಇಲ್ಲ ಅನ್ನಿಸುತ್ತದೆ, ಕೆಳಗಿನ ಕಾಫಿ ಗಿಡ ಕಾಣುತ್ತದೆ. ಅದೇ ತೋಟದ ಡಿಸೆಂಬರ್ ಚಿತ್ರವನ್ನೂ ಫೆಬ್ರವರಿ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಾಲವಾಣ ಎಲ್ಲೆಲ್ಲಿದೆ ಅಂತ ತಾನಾಗೇ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿದ್ದು ಫೆಬ್ರವರಿಯಲ್ಲಿ ಮಾಯವಾಗಿ ಮತ್ತೆ ಮುಂದಿನ ಡಿಸೆಂಬರಿಗೆ ಬಂದಿದ್ದರೆ ಅದು ಕಡಿದ ಮರ ಅಲ್ಲ, ಎಲೆ ಉದುರಿಸಿದ ಮರ.

ಮರಗಸಿ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಆದ ಮೇಲಿನ ಚಿತ್ರವೋ ಮುಂಚಿನದೋ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಕೊಂಬೆ ಕಡಿದ ಮೇಲೆ ನೆರಳು ಅರ್ಧ ಕಮ್ಮಿ ಕಾಣುತ್ತದೆ, ಮರ ಮಾತ್ರ ಅಷ್ಟೇ ಇರುತ್ತವೆ.

ನೆರಳನ್ನು ಓದುವುದು

ಇದು ನನಗೆ ತುಂಬಾ ಇಷ್ಟವಾದ ಭಾಗ. ಈ ಉಪಗ್ರಹಗಳಲ್ಲಿ ಬಹುಪಾಲು ನಮ್ಮ ಮೇಲೆ ಹಾಯುವುದು ಬೆಳಗ್ಗೆ ಹತ್ತೂವರೆ ಸುಮಾರಿಗೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯಕ್ಕೆ, ಅರ್ಧ ಆಕಾಶದಲ್ಲಿ ಇರುತ್ತಾನೆ. ನೆರಳು ವಾಯವ್ಯಕ್ಕೆ ಬೀಳುತ್ತದೆ, ಉದ್ದ ಹೆಚ್ಚುಕಮ್ಮಿ ಮರದ ಎತ್ತರದಷ್ಟೇ. ಅಂದರೆ ಅಳತೆಪಟ್ಟಿಯ ಉಪಕರಣದಿಂದ ನೆರಳು ಅಳೆದರೆ ಮರದ ಎತ್ತರ ಸಿಕ್ಕಿಬಿಡುತ್ತದೆ. ಒಂದು ಸಿಲ್ವರ್ ಓಕ್‌ನ ನೆರಳು 22 ಮೀಟರ್ ಬಂದರೆ ಮರ 24 ಮೀಟರ್ ಆಸುಪಾಸು. ಇದು ಸಮತಟ್ಟು ನೆಲಕ್ಕೆ ಮಾತ್ರ. ಇಳಿಜಾರಿನಲ್ಲಿ ನೆರಳು ಎಳೆದುಕೊಂಡು ಉದ್ದವಾಗುತ್ತದೆ, ಏರಿನಲ್ಲಿ ಗಿಡ್ಡವಾಗುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿಯ ಹತ್ತಿರವೇ ಇರುವುದರಿಂದ ನೆರಳು ಎತ್ತರದ ಅರ್ಧಕ್ಕಿಂತ ಕಮ್ಮಿ. ಆಗಿನ ಚಿತ್ರದಲ್ಲಿ ಎತ್ತರ ನೋಡುವ ಆಸೆ ಬಿಡಿ.

ನೆರಳು ಇನ್ನೊಂದು ಉಪಕಾರ ಮಾಡುತ್ತದೆ. ಹಸಿರು ಗುಂಡಗೆ ಕಂಡಿದ್ದೆಲ್ಲ ಮರ ಅಲ್ಲ. ಬೇಲಿಯ ಲಂಟಾನದ ಪೊದೆ ಮೇಲಿನಿಂದ ಸಣ್ಣ ಮಾವಿನ ಮರದಂತೆಯೇ ಕಾಣುತ್ತದೆ. ನೆರಳು ನೋಡಿ. ಪೊದೆಗೆ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಇರುತ್ತದೆ ಅಷ್ಟೇ. ಮರಕ್ಕೆ ಕಾಂಡ ಸಮೇತ ನೆರಳು ಇರುತ್ತದೆ. ತೆಂಗಿನ ನೆರಳಂತೂ ನೆಲದ ಮೇಲೆ ಯಾರೋ ತೆಂಗಿನ ಚಿತ್ರ ಬರೆದಂತೆ ಬಿದ್ದಿರುತ್ತದೆ. ಸುಳಿ ಸತ್ತ ಬೋಳು ತೆಂಗಿನ ನೆತ್ತಿ ಕಾಣದಿದ್ದರೂ, ಉದ್ದ ಕಡ್ಡಿಯಂಥ ನೆರಳು ಕಾಣುತ್ತದೆ. ಮಾವನ ತೋಟದ ಎರಡು ಬೋಳು ಕಾಂಡ ನನಗೆ ಸಿಕ್ಕಿದ್ದು ಎರಡನೇ ಸಲ ನೆರಳು ಹುಡುಕಿಕೊಂಡು ಹೋದಾಗಲೇ.

ಬಯಲಿನಲ್ಲಿ ಎಣಿಸುವುದು

ನೂರು ಮರದ ಒಳಗಿದ್ದರೆ ಗೂಗಲ್ ಅರ್ಥ್ ಪ್ರೊದಲ್ಲೇ ಒಂದೊಂದು ಗುರುತು ಹಾಕಿ ಮುಗಿಸಬಹುದು. ಮೊದಲು ಎಡಗಡೆ ಒಂದು ಫೋಲ್ಡರ್ ಮಾಡಿ, ಗುರುತುಗಳೆಲ್ಲ ಅದರ ಒಳಗೆ ಬೀಳಲಿ. ಅದಕ್ಕಿಂತ ಜಾಸ್ತಿ ಇದ್ದರೆ ಕ್ಯೂಜಿಐಎಸ್‌ಗೆ ಬನ್ನಿ. ಅದು ನಕ್ಷೆ ಮಾಡುವ ಸಾಫ್ಟ್‌ವೇರ್, ಅದೂ ಪುಕ್ಕಟೆ. ಗೂಗಲ್ ಅರ್ಥ್‌ನಲ್ಲಿ ಎಳೆದ ಗಡಿಯನ್ನು ಕೆಎಂಎಲ್ ಫೈಲ್ ಮಾಡಿ ಉಳಿಸಿ, ಇಲ್ಲಿ ತೆರೆಯಿರಿ. ಎಕ್ಸ್‌ವೈಜೆಡ್ ಟೈಲ್ಸ್ ಅನ್ನುವಲ್ಲಿ ಉಪಗ್ರಹ ಚಿತ್ರವನ್ನು ಹಿನ್ನೆಲೆಗೆ ಸೇರಿಸಿ. ಬೇರೆ ದಿನದ ಚಿತ್ರ ಬೇಕಾದರೆ ಪಕ್ಕದಲ್ಲಿ ಗೂಗಲ್ ಅರ್ಥ್ ತೆರೆದಿಟ್ಟುಕೊಂಡು ನೋಡುತ್ತಿರಿ.

ಹೊಸ ಲೇಯರ್ ಮಾಡುವಾಗ ಚುಕ್ಕಿಯ ಲೇಯರ್ ಆರಿಸಿ. ನಕ್ಷೆಯ ಅಳತೆ ಪದ್ಧತಿ ಕೇಳಿದಾಗ ಯುಟಿಎಂ 43 ಉತ್ತರ ವಲಯ, ಇಪಿಎಸ್‌ಜಿ 32643 ಅಂತ ಕೊಡಿ. ಹಾಸನ, ಚಿಕ್ಕಮಗಳೂರು ಎರಡೂ ಇದೇ ವಲಯದಲ್ಲಿವೆ. ಇದನ್ನು ಕೊಟ್ಟರೆ ಅಳತೆ ಎಲ್ಲಾ ಮೀಟರಿನಲ್ಲಿ ಬರುತ್ತದೆ. ಕಾಲಂಗಳು ಜಾಸ್ತಿ ಬೇಡ. ಜಾತಿ, ನೆತ್ತಿಯ ಅಗಲ, ಚಿತ್ರದ ದಿನಾಂಕ, ಆಮೇಲೆ ಖಾತ್ರಿ. ಈ ಖಾತ್ರಿ ಕಾಲಂ ಬಿಡಲೇಬೇಡಿ. ಅನುಮಾನ ಇಲ್ಲದ ಮರಕ್ಕೆ 1, ಅನುಮಾನ ಇದ್ದದ್ದಕ್ಕೆ 2 ಅಂತ ಹಾಕುತ್ತಾ ಹೋಗಿ. ಜಮೀನಿಗೆ ಹೋದಾಗ 2 ಇರುವ ಕಡೆ ಮಾತ್ರ ನಡೆದರೆ ಸಾಕು, ಅರ್ಧ ದಿನ ಉಳಿಯುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಬರೆದರೆ ಇನ್ನೊಂದು ಕಂಪ್ಯೂಟರಿನಲ್ಲಿ ಹಲಸು ಹೋಗಿ ಏನೇನೋ ಅಕ್ಷರ ಕಾಣುತ್ತದೆ.

ಕಣ್ಣು ಸೋಲುವುದು ಇಲ್ಲಿ ದೊಡ್ಡ ಸಮಸ್ಯೆ. ಐವತ್ತು ಮರ ಆದ ಮೇಲೆ ಎಣಿಸಿದ್ದನ್ನೇ ಎಣಿಸುತ್ತೀರಿ. ಅದಕ್ಕೆ ಜಮೀನಿನ ಮೇಲೆ 50 ಮೀಟರ್ ಚೌಕದ ಗ್ರಿಡ್ ಹಾಕಿಕೊಳ್ಳಿ. ಕ್ಯೂಜಿಐಎಸ್‌ನಲ್ಲಿ ಅದಕ್ಕೆ ಉಪಕರಣ ಇದೆ. ಒಂದು ಚೌಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ತೆಂಗಿನ ನೆತ್ತಿ ನಕ್ಷತ್ರದಂತೆ ಕಾಣುವುದರಿಂದ ಸುಲಭ. ಅಡಿಕೆಯನ್ನು ಎಣಿಸಲು ಕೂರಬೇಡಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 530ರ ಮೇಲೆ ಗಿಡ ಇರುತ್ತವೆ, ನೆತ್ತಿಗೆ ನೆತ್ತಿ ತಾಗಿರುತ್ತದೆ. ಅಡಿಕೆ ತೋಟದ ವಿಸ್ತೀರ್ಣ ತೆಗೆದು, ನೆಟ್ಟ ಅಂತರದಿಂದ ಲೆಕ್ಕ ಹಾಕಿ, ಖಾಲಿ ಬಿದ್ದ ಜಾಗ ಕಳೆಯಿರಿ. ಮುಗಿಯಿತು.

ಕಾಫಿ ತೋಟದ ದಾರಿ ಬೇರೆ

ಈಗ ನಾನು ಮುಗ್ಗರಿಸಿದ ಜಾಗಕ್ಕೆ ಬರೋಣ. ಕಾಫಿ ತೋಟದಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇಟ್ಟುಕೊಳ್ಳಬೇಕು. ನೆರಳು ಎಷ್ಟು ಪಾಲು ಇದೆ, ಅಂದರೆ ತೋಟದ ಎಷ್ಟು ಭಾಗವನ್ನು ಮರದ ನೆತ್ತಿ ಮುಚ್ಚಿದೆ ಅನ್ನುವುದು ಒಂದು. ಮರ ಎಷ್ಟಿವೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉಪಗ್ರಹ ಚಿತ್ರ ಚೆನ್ನಾಗಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅರ್ಧ ಉತ್ತರ ಮಾತ್ರ.

ನೆರಳಿನ ಪಾಲು ತೆಗೆಯಲು ನೆತ್ತಿಗಳ ಸುತ್ತ ಗೆರೆ ಎಳೆಯುತ್ತಾ ಕೂರಬೇಡಿ, ಹುಚ್ಚು ಹಿಡಿಯುತ್ತದೆ. ಗಡಿಯ ಒಳಗೆ ಹೇಗೆಂದರೆ ಹಾಗೆ ಬೀಳುವ 100 ಚುಕ್ಕಿ ಹಾಕಿಸಿ. ಕ್ಯೂಜಿಐಎಸ್‌ನಲ್ಲಿ ರ‍್ಯಾಂಡಮ್ ಪಾಯಿಂಟ್ಸ್ ಅನ್ನುವ ಉಪಕರಣ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಆಮೇಲೆ ಒಂದೊಂದೇ ಚುಕ್ಕಿಗೆ ಹೋಗಿ, ಅದರ ಕೆಳಗೆ ಏನಿದೆ ನೋಡಿ. ಮರದ ನೆತ್ತಿಯೋ, ಕಾಫಿ ಗಿಡವೋ, ರಸ್ತೆಯೋ, ಕಣವೋ. ನಮ್ಮ ತೋಟದಲ್ಲಿ 58 ಚುಕ್ಕಿ ನೆತ್ತಿಯ ಮೇಲೆ ಬಿದ್ದವು. ನೆರಳಿನ ಪಾಲು ನೂರಕ್ಕೆ 58 ಅಂತ ಇಟ್ಟುಕೊಂಡೆ, ಹತ್ತು ಆಚೀಚೆ. ಇನ್ನೂ ಬಿಗಿಯಾದ ಲೆಕ್ಕ ಬೇಕಾದರೆ 400 ಚುಕ್ಕಿ ಹಾಕಿ, ಆಗ ಐದು ಆಚೀಚೆ. ಚುಕ್ಕಿ ನಾಲ್ಕು ಪಟ್ಟು ಮಾಡಿದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಮನೆ ಬಳಕೆಗೆ ನೂರು ಸಾಕು.

ಮರದ ಸಂಖ್ಯೆಗೆ ಹಗ್ಗ ಬೇಕು. ಉಪಗ್ರಹದ ಲೇಖನದಲ್ಲಿ ಹಗ್ಗ ಯಾಕೆ ಅಂತ ನಗಬೇಡಿ. 66 ಅಡಿಯ ಹಗ್ಗ ನಾಲ್ಕು ಮಾಡಿಕೊಳ್ಳಿ. 66 ಅಡಿ ಚೌಕ ಅಂದರೆ ನಾಲ್ಕು ಗುಂಟೆ, ಎಕರೆಯ ಹತ್ತನೇ ಒಂದು ಭಾಗ. ತೋಟದಲ್ಲಿ ಇಂಥ ನಾಲ್ಕು ಚೌಕ ಆರಿಸಿ. ರಸ್ತೆ ಪಕ್ಕದ ಸಲೀಸು ಜಾಗವನ್ನೇ ಆರಿಸುವುದು ಮನುಷ್ಯನ ಸ್ವಭಾವ. ಅದಕ್ಕೆ ಮೊದಲೇ ಮನೆಯಲ್ಲಿ ಕೂತು ಸ್ಕ್ರೀನಿನಲ್ಲಿ ಆರಿಸಿಬಿಡಿ. ಹಳ್ಳದ ಪಕ್ಕದ್ದು ಒಂದು, ಗುಡ್ಡದ ಮೇಲಿನದು ಒಂದು, ಮಧ್ಯದ್ದು ಎರಡು. ಜಿಪಿಎಸ್ ಮರದ ಕೆಳಗೆ ಕೈ ಕೊಡುವುದರಿಂದ ಕಣದ ಮೂಲೆ, ಆಳುಗಳ ಲೈನ್ ಮನೆ, ನೀರಿನ ತೊಟ್ಟಿ, ರಸ್ತೆಯ ತಿರುವು ಇಂಥ ಚಿತ್ರದಲ್ಲೂ ನೆಲದಲ್ಲೂ ಕಾಣುವ ಗುರುತಿನಿಂದ ಅಳೆದುಕೊಂಡು ಹೋಗಿ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಮಲಗಿಸಬೇಡಿ. ಕೆಳಗಿನವರು ಕೈ ಎತ್ತಿ ಹಿಡಿದು ಹಗ್ಗ ಅಡ್ಡಕ್ಕೆ ನೇರವಾಗಿರಬೇಕು. ಉಪಗ್ರಹಕ್ಕೆ ಇಳಿಜಾರು ಗೊತ್ತಿಲ್ಲ, ಅದು ಚಪ್ಪಟೆ ಅಳತೆಯನ್ನೇ ನೋಡುವುದು.

ಚೌಕದ ಒಳಗಿನ ನೆರಳು ಮರ ಎಲ್ಲಾ ಎಣಿಸಿ. ಕಾಂಡ ಒಳಗಿದ್ದರೆ ಮಾತ್ರ ಲೆಕ್ಕ, ಕೊಂಬೆ ಚಾಚಿದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ನಾಲ್ಕು ಚೌಕದ ಒಟ್ಟು ಲೆಕ್ಕ ಸ್ಕ್ರೀನಿನಲ್ಲಿ 26 ನೆತ್ತಿ, ನೆಲದಲ್ಲಿ 43 ಮರ. ಅಂದರೆ ಕಂಡ ಒಂದು ನೆತ್ತಿಗೆ ಸುಮಾರು 1.65 ಮರ. ಇಡೀ ತೋಟಕ್ಕೆ ಸ್ಕ್ರೀನಿನಲ್ಲಿ 255 ನೆತ್ತಿ ಎಣಿಸಿದ್ದೆ. ಅದನ್ನು 1.65ರಿಂದ ಗುಣಿಸಿದರೆ ಸುಮಾರು 420. ನಮ್ಮ ಅಂಕಿಯನ್ನು ನಿಮ್ಮ ತೋಟಕ್ಕೆ ಹಾಕಬೇಡಿ. ಸಿಲ್ವರ್ ಓಕ್ ಮಾತ್ರ ಇರುವ ತೋಟದಲ್ಲಿ ಅದು ಒಂದರ ಹತ್ತಿರವೇ ಇರುತ್ತದೆ, ಹಳೆಯ ಕಾಡು ಮರದ ತೋಟದಲ್ಲಿ ಎರಡೂ ದಾಟಬಹುದು.

ಹೋಗುವ ಮೊದಲು ಆನೆ ಎಲ್ಲಿದೆ ಅಂತ ಕೇಳಿಕೊಂಡೇ ತೋಟಕ್ಕೆ ಇಳಿಯಿರಿ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೆ ಬೆಂಗಳೂರಿಂದ ರಜೆಗೆ ಬಂದು ಹುರುಪಿನಲ್ಲಿ ಹಗ್ಗ ಹಿಡಿಯುವ ಮಕ್ಕಳಿಗೆ ಹೇಳಬೇಕು. ಮಳೆಗಾಲದಲ್ಲಿ ಹೋದರೆ ಇಂಬಳ ಉಚಿತ.

ಜಾತಿ ಗುರುತಿಸುವುದು

ಸ್ಕ್ರೀನಿನಲ್ಲಿ ಎಲ್ಲಾ ಜಾತಿ ಗುರುತಿಸುತ್ತೇನೆ ಅನ್ನುವವರನ್ನು ನಂಬಬೇಡಿ. ಕೆಲವು ಮಾತ್ರ ಸಾಧ್ಯ. ಸಿಲ್ವರ್ ಓಕ್ ನೆತ್ತಿ ಕಿರಿದು, ಬೂದು ಹಸಿರು, ಬಹಳ ಕಡೆ ಸಾಲಾಗಿರುತ್ತದೆ, ನೆರಳು ಉದ್ದ. ಹಲಸು ದಟ್ಟ ಕಡುಹಸಿರು, ಉಂಡೆಯಂತೆ. ಗೋಣಿ, ಅತ್ತಿ, ಬಸರಿಯಂಥ ಮರಗಳದು ಅಗಲ ಹರವು, ಒಳಗೆ ಬೆಳಕಿನ ತೂತುಗಳು. ಹಾಲವಾಣದ ಉಪಾಯ ಆಗಲೇ ಹೇಳಿದೆ. ಬಯಲಿನಲ್ಲಿ ನೀಲಗಿರಿ ಸಣ್ಣ ಚುಕ್ಕಿಗಳ ಸಾಲು. ಹೊನ್ನೆ, ನಂದಿ, ಮತ್ತಿ, ಬೀಟೆ ಇವನ್ನೆಲ್ಲ ಮೇಲಿನಿಂದ ಬೇರೆ ಬೇರೆ ಮಾಡಲು ನನ್ನಿಂದ ಆಗಿಲ್ಲ. "ಕಾಡು ಮರ" ಅಂತ ಬರೆದು ಮುಂದೆ ಹೋಗಿ, ಜಾತಿಯನ್ನು ನಡೆದಾಗ ತುಂಬಿಸಿ.

ಮರದ ವ್ಯಾಪಾರಕ್ಕೆ ಈ ನಕ್ಷೆ ಎಷ್ಟು ಉಪಯೋಗ? ಸಿಲ್ವರ್ ಓಕ್ ಕೊಳ್ಳಲು ಬಂದ ಒಬ್ಬರು ನಮ್ಮ ತೋಟದ ಒಂದು ಪಟ್ಟಿಯಲ್ಲಿ ನಲವತ್ತು ಮರ ಅಂದರು. ನಕ್ಷೆ ತೆರೆದು ತೋರಿಸಿದೆ, 57 ಇದ್ದವು. ಅವರು ಮಾತಾಡದೆ ಇನ್ನೊಂದು ಸುತ್ತು ನಡೆದರು. ಅಷ್ಟಕ್ಕೆ ಸಾಕು. ಕಾಗದಪತ್ರಕ್ಕೆ ಮಾತ್ರ ಇದು ಸಾಲದು. ಕಡಿಯಲು ಅನುಮತಿ ಬೇಕಾದ ಜಾತಿಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಗೆ ಅರ್ಜಿ ಹಾಕಲೇಬೇಕು, ಅವರು ಬಂದು ಮರ ನೋಡಲೇಬೇಕು.

ಹಳೆಯ ಚಿತ್ರದ ಜೊತೆ ಹೋಲಿಸುವುದು

2024ರಲ್ಲಿ ನೇಚರ್ ಸಸ್ಟೈನಬಿಲಿಟಿ ಪತ್ರಿಕೆಯಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಮುಂದೆ ನಿಂತು ಮಾಡಿದ ಒಂದು ಅಧ್ಯಯನ ಬಂತು. ಭಾರತದ ಹೊಲಗಳಲ್ಲಿ ಸುಮಾರು 60 ಕೋಟಿ ಮರಗಳನ್ನು ಉಪಗ್ರಹ ಚಿತ್ರದಿಂದ ಗುರುತಿಸಿದ್ದರು. 2010-11ರಲ್ಲಿ ಕಂಡಿದ್ದ ದೊಡ್ಡ ಮರಗಳಲ್ಲಿ ಸುಮಾರು ನೂರಕ್ಕೆ 11 ಮರ 2018ರ ಹೊತ್ತಿಗೆ ಇರಲಿಲ್ಲ. 2018ರಿಂದ 2022ರ ಒಳಗೆ ಇನ್ನೂ 50 ಲಕ್ಷ ದೊಡ್ಡ ಮರ ಕಾಣೆಯಾಗಿದ್ದವು. ಒತ್ತಾಗಿ ನೆಟ್ಟ ತೋಪುಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಹೊಲದಲ್ಲಿ ಚದುರಿ ನಿಂತ ಮರಗಳ ಮಾತು ಅದು.

ಓದಿದ ಮೇಲೆ ಮಾವನ ರಾಗಿ ಹೊಲದ ಹಳೆಯ ಚಿತ್ರಗಳನ್ನು ತೆರೆದೆ. ಬದುವಿನ ಮೇಲೆ ಒಂದು ದೊಡ್ಡ ಹುಣಸೆ ಇತ್ತು, ಎರಡು ಹೊಂಗೆ ಇತ್ತು. ಈಗ ಒಂದು ಹೊಂಗೆ ಇದೆ. "ಟ್ರ್ಯಾಕ್ಟರ್ ತಿರುಗಲ್ಲ ಅಂತ ತೆಗೆಸಿದ್ವಿ" ಅಂದರು ಮಾವ. ಹುಣಸೆಯ ಬಗ್ಗೆ ಕೇಳಿದಾಗ ಮಾತು ಬೇರೆ ಕಡೆ ತಿರುಗಿಸಿದರು.

ನೀವು ಹೋಲಿಸುವಾಗ ಎರಡು ಎಚ್ಚರಿಕೆ ಬೇಕು. ಒಂದು, ಎರಡೂ ಚಿತ್ರ ಒಂದೇ ಕಾಲದ್ದಾಗಿರಲಿ. 2012ರ ಜನವರಿಯನ್ನು 2022ರ ಜನವರಿಯ ಜೊತೆ ಹೋಲಿಸಿ, ಅಕ್ಟೋಬರ್ ಜೊತೆ ಬೇಡ. ಇನ್ನೊಂದು, ಬೇರೆ ಬೇರೆ ದಿನದ ಚಿತ್ರಗಳು ಕೆಲವು ಮೀಟರ್ ಜಾರಿರುತ್ತವೆ, ಗುಡ್ಡದಲ್ಲಿ ಇನ್ನೂ ಜಾಸ್ತಿ. ಹಳೆಯ ಚುಕ್ಕಿಯ ಕೆಳಗೆ ಮರ ಇಲ್ಲ ಅಂದ ಮಾತ್ರಕ್ಕೆ ಮರ ಹೋಯಿತು ಅಲ್ಲ. ಬಾವಿಯಿಂದ ಎಷ್ಟು ದೂರ, ಮನೆಯಿಂದ ಯಾವ ದಿಕ್ಕು ಅಂತ ನೋಡಿ ಹೇಳಿ.

ತನ್ನಷ್ಟಕ್ಕೆ ಎಣಿಸುವ ಸಾಫ್ಟ್‌ವೇರ್

ಇವೆ, ಬಯಲಿನ ತೆಂಗಿಗೆ ಪರವಾಗಿಲ್ಲ. ಮೆಟಾ ಕಂಪನಿ ಮತ್ತು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸೇರಿ 2024ರಲ್ಲಿ ಇಡೀ ಪ್ರಪಂಚದ ಮರಗಳ ಎತ್ತರದ ನಕ್ಷೆಯನ್ನು ಒಂದು ಮೀಟರ್ ಸ್ಪಷ್ಟತೆಯಲ್ಲಿ ಹೊರತಂದರು, ಅದನ್ನೂ ನೋಡಬಹುದು. ಆದರೆ ಹತ್ತು ಎಕರೆ ಒಳಗಿನ ಜಮೀನಿಗೆ ಇದನ್ನೆಲ್ಲ ಕಲಿಯುವ ಹೊತ್ತಿಗೆ ಕಣ್ಣಲ್ಲೇ ಎರಡು ಸಲ ಎಣಿಸಿ ಮುಗಿಸಬಹುದು. ಇಡೀ ಹೋಬಳಿ ಮಾಡುವವರು ಬೇಕಾದರೆ ಕಲಿಯಲಿ.

ಕಾಫಿ ಬೆಳೆಗಾರರಿಗೆ ಇನ್ನೊಂದು ಮಾತು

ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾಡು ನಾಶ ತಡೆ ಕಾನೂನಿನಲ್ಲಿ ಕಾಫಿಯೂ ಸೇರಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಜಾರಿಯ ದಿನವನ್ನು ಅವರು ಮುಂದೂಡುತ್ತಾ ಬಂದಿದ್ದಾರೆ, ಆದರೆ ತೋಟದ ಜಾಗದ ಗುರುತು ಕೇಳುವುದು ತಪ್ಪುವುದಿಲ್ಲ. ನಾಲ್ಕು ಹೆಕ್ಟೇರ್, ಅಂದರೆ ಒಂಬತ್ತು ಎಕರೆ 35 ಗುಂಟೆಗಿಂತ ದೊಡ್ಡ ತೋಟಕ್ಕೆ ಪೂರ್ತಿ ಗಡಿ ಕೊಡಬೇಕು. ಅದಕ್ಕಿಂತ ಸಣ್ಣದಕ್ಕೆ ಒಂದು ಚುಕ್ಕಿ ಸಾಕು. ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ನಂತರ ಆರು ಅಂಕಿ ಇರಬೇಕು.

ನಮ್ಮ ತೋಟಗಳು ಮೇಲಿನಿಂದ ಕಾಡಿನಂತೆಯೇ ಕಾಣುವುದು ಇಲ್ಲಿ ತಲೆನೋವು. ಕಂಪ್ಯೂಟರ್ ಮಾಡಿದ ಎಷ್ಟೋ ನಕ್ಷೆಗಳಲ್ಲಿ ನೆರಳಿನ ಕಾಫಿ ತೋಟ ಕಾಡು ಅಂತಲೇ ಬಣ್ಣ ಹಾಕಿರುತ್ತಾರೆ. ಅಂಥ ತೋಟದಲ್ಲಿ ನೀವು ಹತ್ತು ಸಿಲ್ವರ್ ಓಕ್ ಕಡಿದರೆ "ಕಾಡು ಹೋಯಿತು" ಅಂತ ತೋರಿಸುವ ಸಾಧ್ಯತೆ ಇದೆ. ಆದ್ದರಿಂದ 2020ಕ್ಕೆ ಹತ್ತಿರದ ಒಂದು ಒಳ್ಳೆಯ ಚಿತ್ರವನ್ನು ದಿನಾಂಕ ಕಾಣುವಂತೆ ಉಳಿಸಿಡಿ. ಕಣ, ಲೈನ್ ಮನೆ, ಕಾಫಿ ಸಾಲು ಕಾಣುವ ಜಾಗವನ್ನು ಹತ್ತಿರಕ್ಕೆ ಹಿಗ್ಗಿಸಿ ಇನ್ನೊಂದು ಉಳಿಸಿ. ಪಹಣಿಯ ಪ್ರತಿಯನ್ನೂ ಅದೇ ಫೋಲ್ಡರಿಗೆ ಹಾಕಿ.

ಕೊನೆಗೆ ಕಾಗದಕ್ಕೆ

ಎಲ್ಲಾ ಮುಗಿದ ಮೇಲೆ ನಕ್ಷೆಯನ್ನು ಎ3 ಹಾಳೆಯಲ್ಲಿ ಬಣ್ಣದಲ್ಲಿ ಪ್ರಿಂಟ್ ತೆಗೆಸಿ. ತಾಲ್ಲೂಕು ಕಚೇರಿ ಮುಂದಿನ ಜೆರಾಕ್ಸ್ ಅಂಗಡಿಗಳಲ್ಲಿ ಆಗುತ್ತದೆ. ಗ್ರಿಡ್ ಚೌಕಗಳಿಗೆ ಅ1, ಅ2 ಅಂತ ನಂಬರ್ ಇರಲಿ, ತೋಟದಲ್ಲಿ ನಿಂತು ಮಾತಾಡಲು ಸುಲಭ.

ನಮ್ಮ ಪ್ರಿಂಟನ್ನು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಕೈಗೆ ಕೊಟ್ಟೆ. ಮೂವತ್ತು ವರ್ಷದಿಂದ ಅದೇ ತೋಟದಲ್ಲಿ ಓಡಾಡಿದವರು. ಸ್ವಲ್ಪ ಹೊತ್ತು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಪೆನ್ಸಿಲ್ ಕೇಳಿದರು. ನಾನು 1, 2 ಅಂತ ಬರೆದಿದ್ದ ಮರಗಳ ಪಕ್ಕ "ಜೇನು ಮರ", "ಸಿಡಿಲು ಹೊಡೆದ ನಂದಿ", "ಅಜ್ಜಿ ಹಲಸು" ಅಂತ ಬರೆದರು. ನಾನು ಒಂದೇ ನೆತ್ತಿ ಅಂತ ಎಣಿಸಿದ್ದ ಒಂದು ಕಡೆ "ಇಲ್ಲಿ ಮೂರು" ಅಂತ ತಿದ್ದಿದರು. ಆ ಹೆಸರುಗಳಿಗೂ ಟೇಬಲ್‌ನಲ್ಲಿ ಒಂದು ಕಾಲಂ ಮಾಡಿ. ಮರಗಸಿ ಸಮಯದಲ್ಲಿ ಆಳುಗಳಿಗೆ ಯಾವ ಮರ ಮುಟ್ಟಬಾರದು ಅಂತ ಹೇಳಲು ನಂಬರ್‌ಗಿಂತ ಅದೇ ಕೆಲಸಕ್ಕೆ ಬರುತ್ತದೆ.